ಮಲ್ಲಿಗಮ್ಮ ಹೇಳಿದ ಮಾತು

ಮಂಡ್ಯ
12 ಫೆಬ್ರವರಿ 2025, ಬುಧವಾರ

ಪ್ರೀತಿಯ ಅಪ್ಪನಿಗೆ, ಗಗನಳ ನಮಸ್ಕಾರಗಳು.

ಮರಿಯಯ್ಯ ಮಾಮನ ಮಗ ಚಲುವರಾಜು ಆರೋಪಿಯಾಗಿರುವ ಹಲ್ಲೆ ಕೇಸಿನ ಕಡತವನ್ನು, ಜೊತೆಗಿದ್ದ ವಕಾಲತ್ತಿಗೆ ಸಹಿ ಹಾಕದೆ, ನಿಮಗೆ ಹಿಂದಿರುಗಿಸುವುದು ಈ ಪತ್ರದ ಉದ್ದೇಶ. ಫೋನಿನಲ್ಲಾದರೆ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಆಪರೇಷನ್ ಆದ ಕಣ್ಣಿನಲ್ಲಿ ನೀರು ಸುರಿಯುವುದು ನಿಂತಿತೇ? ಮಳವಳ್ಳಿಯಲ್ಲಿ ಅಕ್ಕನ ಕಣ್ತಪ್ಪಿಸಿ ಟಿವಿ ನೋಡಬೇಡಿ. ಇದನ್ನೂ ಅವಳೇ ಓದಿ ಹೇಳಲಿ.

ಮೊದಲು ಹೆಮ್ಮೆಯ ಸುದ್ದಿ. ಸರ್ಕಾರಿ ವಕೀಲಿಕೆ ಬಿಟ್ಟು ಆರೋಪಿಗಳ ಪರ ನಿಂತ ಮೇಲೆ ನನ್ನ ಮೊದಲ ಕೇಸನ್ನು ಸೋಮವಾರ ಮದ್ದೂರಿನಲ್ಲಿ ಗೆದ್ದೆ. ಭಾರತೀನಗರದ ಕಬ್ಬಿನ ಲಾರಿ ಚಾಲಕನೊಬ್ಬ ಬಿಡುಗಡೆಯಾದ. ಐದು ವರ್ಷ ಪೊಲೀಸರ ಮಹಜರುಗಳನ್ನು ಸಮರ್ಥಿಸಿದವಳಿಗೆ ಅವುಗಳ ತೂತುಗಳು ತಿಳಿಯದೇ? ಕಾಲು ಮಾತ್ರ ಅಭ್ಯಾಸಬಲದಿಂದ ಸರ್ಕಾರದ ಮೇಜಿನ ಕಡೆಗೇ ನಡೆಯಿತು. ಬೆಂಚ್ ಗುಮಾಸ್ತ ಮಾದಯ್ಯನವರು, "ಮೇಡಮ್ಮೋರೇ, ಪಾರ್ಟಿ ಬದ್ಲಾಯ್ಸಿದ್ದು ಕಾಲ್ಗೆ ಏಳೇ ಇಲ್ವಾ?" ಎಂದರು, ಕೋರ್ಟ್ ಹಾಲೆಲ್ಲ ನಕ್ಕಿತು. ನಾನೂ ನಕ್ಕೆ. ತರಗತಿಗೇ ಮೊದಲಿಗಳಾದ ನಿಮ್ಮ ಮಗಳು ಯಾವ ಮೇಜಿನ ಮುಂದಾದರೂ ತಲೆ ಎತ್ತಿಯೇ ನಿಲ್ಲುತ್ತಾಳೆ.

ಆಸ್ಪತ್ರೆಯಲ್ಲಿ ಮರಿಯಯ್ಯ ಮಾಮ ನಿಮ್ಮ ಹಾಸಿಗೆಯ ಪಕ್ಕ ಬಿಟ್ಟು ಕದಲಲಿಲ್ಲವೆಂದು ಬಲ್ಲೆ. ಈ ಕೇಸನ್ನು ನಾನೇ ನಡೆಸುತ್ತೇನೆಂದು ನನ್ನನ್ನು ಕೇಳದೆ ನೀವು ಅವರಿಗೆ ಮಾತು ಕೊಟ್ಟಿದ್ದನ್ನೂ ಬಲ್ಲೆ. "ಆ ಕೇಸಿನ ಒಳಗೂ ಒರಗೂ ನಿಂಗೊತ್ತು ಕಣವ್ವ" ಎಂದಿರಿ. ನಿಜ. ಆಗ ಸರ್ಕಾರದ ಪರವಾಗಿ ಸಾಕ್ಷಿಗಳೊಡನೆ ಕುಳಿತು ಮಾತನಾಡಿದವಳು ನಾನೇ. ಹಲ್ಲೆಯನ್ನು ಕಂಡೆನೆನ್ನುವವಳು ಕೊಪ್ಪದ ಮಲ್ಲಿಗಮ್ಮ ಒಬ್ಬಳೇ. ಡೇರಿಗೆ ಹಾಲು ಹಾಕಿ ನೇರವಾಗಿ ನನ್ನ ಕೋಣೆಗೆ ಬಂದವಳು ಬಾಗಿಲು ಮುಚ್ಚಿ, "ಕೋರ್ಟಲ್ಲಿ ಯಾರಾದ್ರೂ ಇಂಗಿಂಗೆ ಕೇಳ್ಬುಟ್ರೆ ನನ್ ಬಾಯೇ ಕಟ್ಟೋಯ್ತದೆ ಕಣವ್ವ" ಎಂದು ತನ್ನ ಭಯವನ್ನು ಹೇಳಿಕೊಂಡಳು. ಅದು ಕಡತದಲ್ಲಿಲ್ಲ; ಇಲ್ಲಿಯೂ ಬರೆಯುವುದಿಲ್ಲ. ವಕಾಲತ್ತಿಗೆ ಸಹಿ ಹಾಕಿದರೆ ಇಪ್ಪತ್ತೊಂದರಂದು ಅವಳಿಗೆ ಪಾಟೀಸವಾಲು ಹಾಕಬೇಕಾದವಳು ನಾನೇ.

ಮೂವತ್ತು ವರ್ಷ ಮಳವಳ್ಳಿ ಕೋರ್ಟಿನ ಬಾಗಿಲಲ್ಲಿ ಕಕ್ಷಿದಾರರ ಹೆಸರು ಕೂಗಿದವರು ನೀವು. ಸಾಹೇಬರ ಕೋಣೆಯಲ್ಲಿ ಏನು ಮಾತಾಯಿತೆಂದು ಅಮ್ಮ ಎಷ್ಟು ಕೆಣಕಿದರೂ "ಮೊದ್ಲು ಮುದ್ದೆ ಇಕ್ಕು" ಎನ್ನುತ್ತಿದ್ದಿರಿ. ಲಾ ಕಾಲೇಜಿನಲ್ಲಿ ನನಗೆ ಬಂದ ಚಿನ್ನದ ಪದಕಕ್ಕಿಂತ ನನಗೆ ಅದೇ ದೊಡ್ಡದು.

ಕಣ್ಣಿಗೆ ಹನಿ ಹಾಕಿಸಿಕೊಳ್ಳುವಾಗ ಅಕ್ಕನನ್ನು ಬೈಯಬೇಡಿ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ನಿಮ್ಮ ಮಗಳು,
ಗಗನ

ತಾಜಾ ಕಲಂ: ಲಕೋಟೆ ಅಂಟಿಸುವಷ್ಟರಲ್ಲಿ ಮರಿಯಯ್ಯ ಮಾಮನೇ ಬಂದರು. ಎದುರಿಗೇ ಕುಳಿತಿದ್ದಾರೆ, ಕಾಫಿ ಕೊಟ್ಟಿದ್ದೇನೆ. "ವಕಾಲತ್ತು ಬ್ಯಾಡ ಬುಡವ್ವ. ಆ ಮಲ್ಲಿಗಮ್ಮ ಎಲ್ಲಿ ಎಡವ್ತಾಳೆ, ಅಷ್ಟು ಏಳ್ಬುಡು ಸಾಕು, ನಿಮ್ಮಪ್ಪನೂ ಊಂ ಅಂದವ್ನೆ" ಎನ್ನುತ್ತಿದ್ದಾರೆ.

ಹೇಳುವುದಿಲ್ಲ.