ಅಣ್ಣನಿಗೊಂದು ಪೆನ್‌ಡ್ರೈವ್

ಜೂನ್ 3

ಇವತ್ತು ನಾಲ್ಕು ಕಂಪ್ಯೂಟರ್ ರಿಪೇರಿ. ಎರಡರಲ್ಲಿ ಬರೀ ಧೂಳು, ಒಂದರಲ್ಲಿ ರ‍್ಯಾಮ್ ಸಡಿಲ, ಇನ್ನೊಂದಕ್ಕೆ ಏನೂ ಆಗಿರಲಿಲ್ಲ. ಮಾಲೀಕರು ಸ್ವಿಚ್ಚೇ ಹಾಕುತ್ತಿರಲಿಲ್ಲ. ಮುಖ ಗಂಭೀರ ಮಾಡಿಕೊಂಡು 'ಸರಿಹೋಯ್ತು' ಅಂದೆ. ಹನ್ನೊಂದು ವರ್ಷದಿಂದ ಸರ್ವೀಸ್ ಅಂಗಡಿ ನಡೆಸುತ್ತಿದ್ದೇನೆ, ನನ್ನ ಮೇಜಿನ ಮೇಲೆ ಒಂದೂ ಸತ್ತಿಲ್ಲ. ಜಂಬ ಅನ್ನುವವರು ಅನ್ನಲಿ. ಡೈರಿ ಓದುವವರು ಯಾರಿದ್ದಾರೆ...

ಮಧ್ಯಾಹ್ನ ಅಣ್ಣ ಬಂದ. ಕೋಲು ಮಡಚಿ ಸ್ಟೂಲ್ ಮೇಲೆ ಕೂತ. ಹುಟ್ಟಿನಿಂದ ಅವನಿಗೆ ಕಣ್ಣು ಕಾಣುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಒಂದೇ ಆಫೀಸಿನಲ್ಲಿ ಟೆಲಿಫೋನ್ ಆಪರೇಟರ್. ಆಫೀಸ್ ಹೊತ್ತಿನಲ್ಲಿ ಬಂದವನಲ್ಲ.

"ಟೆಲಿಫೋನ್ ಬೋರ್ಡ್ ತೆಗೀತಾರಂತೆ ಕಣೇ. ಎಲ್ಲರ ಕೈಲೂ ಮೊಬೈಲು. ಲೈನ್ ಕೊಡಿ ಅಂತ ನನ್ನನ್ನ ಕೇಳೋರು ಯಾರು?"

ಎರಡು ದಾರಿ ಇಟ್ಟಿದ್ದಾರೆ. ಒಂದು, ಸ್ವಯಂ ನಿವೃತ್ತಿ. ಇನ್ನೊಂದು, ಕಂಪ್ಯೂಟರ್ ಕೋಣೆಯ ಉಸ್ತುವಾರಿ. ಅದು ಬೇಕಾದರೆ ಖಾಲಿ ಕಂಪ್ಯೂಟರಿಗೆ ಯಾರ ಸಹಾಯವೂ ಇಲ್ಲದೆ ಆಪರೇಟಿಂಗ್ ಸಿಸ್ಟಮ್ ಹಾಕಿ ತೋರಿಸಬೇಕು. 20ನೇ ತಾರೀಕು ಪರೀಕ್ಷೆ. ಮ್ಯಾನೇಜರ್ ಮಾಡಿದ ವ್ಯವಸ್ಥೆ. ಅವರಿಗೆ ನಮ್ಮ ಮನೆಯಲ್ಲಿ 'ಆದರೂ ಸಾಹೇಬರು' ಅಂತ ಹೆಸರು, ಬಾಯಿ ತೆರೆದರೆ ಮೊದಲು ಬರುವುದೇ ಅದು. 'ಆದರೂ ನಿಮಗೆ ತೊಂದರೆ ಆಗಬಾರದಲ್ಲ' ಅಂದರಂತೆ.

"ಕೆಲಸ ಬಿಟ್ಟು ಮನೇಲಿ ಏನ್ ಮಾಡ್ಲಿ? ಗಡಿಯಾರ ಕೇಳ್ತಾ ಕೂರ್ಲಾ?"

ಒಳಗೊಳಗೆ ನನಗೂ ಭಯ. ಆದರೂ — ಛೆ, ನನಗೂ ಅಂಟಿತು ಇದು — ಜೋರಾಗಿಯೇ ಹೇಳಿದೆ. "ಸುಮ್ನಿರು ನೀನು. ಒಂದೇ ಪೆನ್‌ಡ್ರೈವ್ ಮಾಡ್ಕೊಡ್ತೀನಿ, ಎಲ್ಲ ಸಿಸ್ಟಮ್ಮೂ ಅದರೊಳಗೇ. ಚುಚ್ಚೋದು, ಆರಿಸೋದು, ಹಾಕೋದು. ನೀರು ಕುಡಿದಷ್ಟು ಸುಲಭ."

ಜೂನ್ 5

ಆಫೀಸಿನಲ್ಲಿ ಒಂಬತ್ತು ಕಂಪ್ಯೂಟರ್. ನಾಲ್ಕು ಮುದುಕರು, ಅವಕ್ಕೆ ಪುಕ್ಕಟೆ ಸಿಗುವ ಸಿಸ್ಟಮ್ಮಾದ ಲಿನಕ್ಸ್, ಹಗುರವಾದದ್ದು. ಮೂರು ಹೊಸವಕ್ಕೆ ದೊಡ್ಡ ಲಿನಕ್ಸ್. ಟಪಾಲು ವಿಭಾಗದ ಎರಡಕ್ಕೆ ವಿಂಡೋಸೇ ಬೇಕಂತೆ. 32 ಜಿಬಿ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿದೆ, ಕಂಪ್ಯೂಟರನ್ನು ಅದರಿಂದಲೇ ಎಬ್ಬಿಸುವ ಬೂಟ್ ಲೋಡರ್ ಹಾಕಿದೆ, ಮೂರನ್ನೂ ತುಂಬಿದೆ. ಚುಚ್ಚಿ ಆನ್ ಮಾಡಿದರೆ ಮೆನು ಬರುತ್ತದೆ, ಬೇಕಾದ್ದನ್ನು ಆರಿಸಬೇಕು. ನೀಲಿ ಹಿನ್ನೆಲೆ, ಒಂದೊಂದಕ್ಕೂ ಪುಟ್ಟ ಚಿತ್ರ, ಸುತ್ತ ಹಳದಿ ಗೆರೆ. ಮೆನುವಿಗೇ ಎರಡು ಗಂಟೆ ಹಿಡಿಯಿತು.

ಅತ್ತಿಗೆ ತಮ್ಮ ಹೊಲಿಗೆ ಅಂಗಡಿ ಮುಚ್ಚಿ ಬಂದವರು ಬಗ್ಗಿ ನೋಡಿದರು. "ಆಹಾ, ಎಷ್ಟು ಚೆನ್ನಾಗಿದೆ! ಇದನ್ನ ಯಾರು ನೋಡ್ಬೇಕು ಅಂತ?"

ಪಕ್ಕದಲ್ಲೇ ಕೂತಿದ್ದ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಆ ಹಳದಿ ಗೆರೆ ಸ್ವಲ್ಪ ದಪ್ಪ ಮಾಡೇ, ನಂಗೆ ಸರಿಯಾಗಿ ಕಾಣ್ತಿಲ್ಲ."

ಜೂನ್ 6

ಬಣ್ಣ, ಚಿತ್ರ ಎಲ್ಲ ಕಿತ್ತುಹಾಕಿದೆ. ಸಿಸ್ಟಮ್ ಹಾಕಿಕೊಡುವ ಇನ್‌ಸ್ಟಾಲರ್‌ಗಳಿಗೆ ಮಾತಾಡಲು ಬರುತ್ತದೆ, ತೆರೆಯ ಮೇಲೆ ಇದ್ದದ್ದನ್ನೆಲ್ಲ ಓದಿ ಹೇಳುತ್ತವೆ. ಅದಕ್ಕೂ ಮೊದಲು ಬರುವ ಮೆನುವೇ ಮೂಗ. ಅದಕ್ಕೆ ಒಂದು ಉಪಾಯ. ಮೆನು ಬಂದ ಕೂಡಲೇ ಕಂಪ್ಯೂಟರಿನ ಬಜರ್ ಎರಡು ಸ್ವರ ನುಡಿಯುವ ಹಾಗೆ ಮಾಡಿದೆ. ಟೀ-ಟೂ. ಆಮೇಲೆ 1 ಒತ್ತಿದರೆ ಹಗುರದ್ದು, 2 ಒತ್ತಿದರೆ ದೊಡ್ಡದು, 3 ಒತ್ತಿದರೆ ವಿಂಡೋಸ್. ಒತ್ತುವ ತನಕ ಮೆನು ಅಲ್ಲೇ ನಿಂತಿರುತ್ತದೆ.

ಅಣ್ಣ ಟೀ-ಟೂ ಕೇಳಿ ಇನ್ನೊಂದು ಸಲ ನುಡಿಸಿದ. "ನಮ್ಮ ಬೋರ್ಡಿನ ಹಾಗೇ ಇದೆ" ಅಂದ. ನನಗೆ ಅಷ್ಟೇ ಸಾಕಿತ್ತು. ಆಗಿನಿಂದ ನೆಲದ ಮೇಲೆ ಕಾಲಿಲ್ಲ.

ಜೂನ್ 11

ನಾಲ್ಕು ದಿನ ಬರೆದಿಲ್ಲ. ಅಣ್ಣ ಆಫೀಸ್ ಮುಗಿಸಿ ನೇರ ಅಂಗಡಿಗೆ ಬರುತ್ತಾನೆ, ದಿನಕ್ಕೊಂದು ಇನ್‌ಸ್ಟಾಲ್. ಆನ್ ಮಾಡಿದ ಮೇಲೆ ಕಂಪ್ಯೂಟರಿನ ಕ್ಯಾಬಿನೆಟ್ ಮೇಲೆ ಅಂಗೈ ಇಟ್ಟುಕೊಂಡು ಕೂರುತ್ತಾನೆ. ಯಾಕೆ ಅಂದರೆ "ಸುಮ್ನೆ".

ಡಿಸ್ಕ್‌ಗಳ ಪಟ್ಟಿ ಬಂದಾಗಲಂತೂ ನನ್ನ ತಾಳ್ಮೆ ಕೆಡುತ್ತದೆ. ಆ ದನಿ ಹೆಸರು ಹೇಳಬೇಕು, ಅಳತೆ ಹೇಳಬೇಕು, ಉದ್ದದ ಅಂಕಿ ಹೇಳಬೇಕು. ಅಲ್ಲಿಯ ತನಕ ಇವನ ಬೆರಳು ಅಲುಗುವುದಿಲ್ಲ.

"ಒತ್ತು ಅಣ್ಣ, ಅದೇ ಡಿಸ್ಕು!"

"ಲೈನಲ್ಲಿರೋರು ಮಾತು ಮುಗಿಸ್ಲಿ."

"ಈ ಲೆಕ್ಕದಲ್ಲಿ 'ಆದರೂ ಸಾಹೇಬ್ರೇ' ಮೊದ್ಲು ರಿಟೈರ್ ಆಗ್ತಾರೆ. ನಾನಾದ್ರೆ ಕಣ್ಣಿಗೆ ಬಟ್ಟೆ ಕಟ್ಕೊಂಡು ಹತ್ತೇ ನಿಮಿಷದಲ್ಲಿ ಮಾಡ್ತೀನಿ."

"ಹೌದಾ? ನಾಳೆ ಕಟ್ಕೋ, ನೋಡೋಣ."

ಜೂನ್ 12

ಟವೆಲ್ ಕಟ್ಟಿಕೊಂಡೆ. ಅತ್ತಿಗೆ ಗಂಟು ಬಿಗಿದರು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ. ಟೀ-ಟೂ. 1. ದನಿ ಶುರು. ಪಟಪಟ ಎಂಟರ್. ಡಿಸ್ಕ್ ಪಟ್ಟಿ ಬಂತು, ಮೊದಲ ಹೆಸರಿನ ಅರ್ಧಕ್ಕೇ ಎಂಟರ್. ಎಲ್ಲ ಅಳಿಸಲೇ ಅಂತು. ಅಳಿಸು ಮಾರಾಯ, ಎಂಟರ್. ಟವೆಲ್ ಕಿತ್ತೆ.

ಅಳಿಸಿದ್ದು ಪೆನ್‌ಡ್ರೈವನ್ನೇ.

ಪಟ್ಟಿಯಲ್ಲಿ ಅದೂ ಒಂದು ಡಿಸ್ಕಿನ ಹಾಗೆ ಕೂತಿರುತ್ತದೆ, ಈ ಸಲ ಮೊದಲನೆಯದಾಗಿ ಕೂತಿತ್ತು. ಮೂರು ಸಿಸ್ಟಮ್, ಮೆನು, ಸ್ವರ, ಎಲ್ಲ ನೀರುಪಾಲು. ಕಾಪಿ ಇಟ್ಟಿರಲಿಲ್ಲ. ಕಾಪಿ ಇಡಿ, ಕಾಪಿ ಇಡಿ ಅಂತ ಗಿರಾಕಿಗಳ ತಲೆ ತಿನ್ನುವವಳು ನಾನು!

ಅಣ್ಣ ತಡಕಿ ಟವೆಲ್ ಎತ್ತಿ ಮಡಚಿಟ್ಟ, ಅಷ್ಟೇ. ಅದೇ ಕಷ್ಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ತುಂಬ ನಾಚಿಕೆಯಾಯಿತು.

ಜೂನ್ 14

ಮತ್ತೆ ಮಾಡಿದೆ. ಈ ಸಲ ಎರಡು. ಒಂದು ನನ್ನ ಡ್ರಾಯರಿನಲ್ಲಿ, ಒಂದು ಅಣ್ಣನ ಜೇಬಿನಲ್ಲಿ. ಕೈಗೆ ಬೇಗ ಸಿಗಲಿ ಅಂತ ಅದಕ್ಕೆ ಅತ್ತಿಗೆ ದಪ್ಪ ದಾರ ಕಟ್ಟಿಕೊಟ್ಟರು. ಮೊದಲನೆಯದಕ್ಕಿಂತ ಚೆನ್ನಾಗಿ ಬಂದಿದೆ. ಮಾಡಿದ್ದು ಯಾರು ಮತ್ತೆ!

ಜೂನ್ 18

ಅಣ್ಣನ ಆಫೀಸಿಗೆ ಹೋಗಿ ಒಂಬತ್ತನ್ನೂ ಪೆನ್‌ಡ್ರೈವ್‌ನಿಂದಲೇ ಮೊದಲು ಶುರುವಾಗುವಂತೆ ಸೆಟ್ ಮಾಡಿ ಬಂದೆ. ಸಾಹೇಬರು ಒಪ್ಪಿದ್ದು ಅಷ್ಟಕ್ಕೆ ಮಾತ್ರ. "ಆದರೂ ಪರೀಕ್ಷೆ ದಿನ ನೀವು ಒಳಗೆ ಬರೋ ಹಾಗಿಲ್ಲ." ಬೇಡ ಬಿಡಿ. ಒಂದೊಂದನ್ನೂ ಕೂತು ನೋಡಿದ್ದೇನೆ. ಎಲ್ಲ ಖಾಲಿ, ಎಲ್ಲ ಸರಿ. ಶುಕ್ರವಾರ ಅಣ್ಣ ಗೆದ್ದ ಹಾಗೇ.

ಜೂನ್ 20, ಬೆಳಗ್ಗೆ 10:20

ಕಂಪ್ಯೂಟರ್ ಕೋಣೆಯ ಹೊರಗಿನ ಬೆಂಚು. ಬಾಗಿಲು ಮುಚ್ಚಿದ್ದಾರೆ. ಮೇಲಿನ ಕಿಂಡಿ ತೆರೆದಿದೆ, ಒಳಗಿನದೆಲ್ಲ ಕೇಳಿಸುತ್ತದೆ. ಒಳಗೆ ಹೋಗುವಾಗ ಸಾಹೇಬರ ಕೈಯಲ್ಲಿ ಎರಡು ಕಾಗದ. ಒಂದು ನಿವೃತ್ತಿ ಅರ್ಜಿ, ಒಂದು ಹೊಸ ಹುದ್ದೆಯ ಆದೇಶ. ಹಳೆಯ ಕಂಪ್ಯೂಟರ್ ಒಂದಕ್ಕೆ, ಹೊಸದೊಂದಕ್ಕೆ ಸಿಸ್ಟಮ್ ಹಾಕಬೇಕಂತೆ.

ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

11:10

ಹಳೆಯದು ಮುಗಿಯಿತು. ಟೀ-ಟೂ ಅಂದದ್ದು ಇಲ್ಲಿಗೂ ಕೇಳಿಸಿತು. ಹೂ ಎತ್ತಿದ ಹಾಗೆ ಆಯಿತು.

11:15

ಹೊಸದು. ಕುರ್ಚಿ ಎಳೆದ ಸದ್ದು. ಸ್ವಿಚ್.

ಟೀ-ಟೂ ಇಲ್ಲ. ಇನ್ನೂ ಇಲ್ಲ...

ಅಯ್ಯೋ ದೇವರೇ. ಹೊಸ ಕ್ಯಾಬಿನೆಟ್‌ಗಳಲ್ಲಿ ಬಜರ್ರೇ ಇರುವುದಿಲ್ಲ! ಅಣ್ಣ ಅಭ್ಯಾಸ ಮಾಡಿದ್ದೆಲ್ಲ ನನ್ನ ಅಂಗಡಿಯ ಹಳೆಯವುಗಳ ಮೇಲೆ. ಹನ್ನೊಂದು ವರ್ಷದ ಸರ್ವೀಸಂತೆ, ಮಣ್ಣಾಂಗಟ್ಟಿ. ಒಳಗೆ ಮೆನು ಬಂದು ನಿಂತಿರುತ್ತದೆ. ಅವನು ಬರದ ಸ್ವರಕ್ಕೆ ಕಾಯುತ್ತಾ ಕೂತಿರುತ್ತಾನೆ. ಬಾಗಿಲು ಬಡಿದು ಹೇಳಲೇ? ಹೇಳಿದರೆ ಪರೀಕ್ಷೆ ಅಲ್ಲಿಗೇ —

ದನಿ! ಇನ್‌ಸ್ಟಾಲರ್ ಮಾತಾಡುತ್ತಿದೆ! ಯಾವ ಭಾಷೆ ಬೇಕು ಅಂತ ಕೇಳುತ್ತಿದೆ. 2 ಒತ್ತಿದ್ದಾನೆ. ಹೇಗೆ ಗೊತ್ತಾಯಿತು ಇವನಿಗೆ?

11:30

ಡಿಸ್ಕ್ ಪಟ್ಟಿ. ಪೆನ್‌ಡ್ರೈವ್. ಒಂದು ಡಿಸ್ಕ್. ಇನ್ನೊಂದು ಡಿಸ್ಕ್... ಇನ್ನೊಂದು? ಯಾವುದು ಎಷ್ಟು ತುಂಬಿದೆ ಅನ್ನುವ ತನಕ ದನಿ ಪೂರ್ತಿ ಓದಿ ನಿಂತಿತು. ಅಣ್ಣ ಮತ್ತೆ ಮೊದಲಿಂದ ಓದಿಸಿದ.

"ಸಾರ್, ಇದರಲ್ಲಿ ಎರಡು ಡಿಸ್ಕ್ ಇವೆ."

"ಆದರೂ ಎಲ್ಲ ಖಾಲಿನೇ ಅಲ್ವಾ?"

"ಒಂದು ಖಾಲಿ. ಇನ್ನೊಂದರಲ್ಲಿ ಏನೋ ಇದೆ. ವಿಚಾರಿಸಿ ಹೇಳಿ, ಅಲ್ಲಿ ತನಕ ಕಾಯ್ತೀನಿ."

ಸಾಹೇಬರು ಯಾರಿಗೋ ಫೋನ್ ಮಾಡಿದರು. ಆಮೇಲೆ ಅವರ ದನಿ ಸಣ್ಣಗಾಯಿತು. "ಅದು ಸಿಬ್ಬಂದಿ ಕಡತ. ಇಪ್ಪತ್ತು ವರ್ಷದ್ದು. ಎಲ್ಲರದ್ದೂ. ಮುಟ್ಬೇಡಿ, ದಯವಿಟ್ಟು." ಮೊದಲ ಸಲ 'ಆದರೂ' ಇಲ್ಲದ ಮಾತು.

ಮೊನ್ನೆ ಅದೇ ಕಂಪ್ಯೂಟರಿನ ಮುಂದೆ ಎರಡು ಕಣ್ಣಿಟ್ಟುಕೊಂಡು ಕೂತವಳು ನಾನು. ಎಲ್ಲ ಖಾಲಿ ಅಂತ ಹಿಂದಿನ ಪುಟದಲ್ಲಿ ಬರೆದೂ ಇದ್ದೇನೆ. ಹೊಡೆದು ಹಾಕುವುದಿಲ್ಲ, ಇರಲಿ.

ಮಧ್ಯಾಹ್ನ 12:25

ಬಾಗಿಲು ತೆರೆಯಿತು. ಅಣ್ಣ ಚೌಕಟ್ಟು ಹಿಡಿದು ನಿಂತ. ನಾನು ಮೊದಲು ಕೇಳಿದ್ದು ಅದನ್ನೇ. "ಬಜರ್ ಇರ್ಲಿಲ್ಲ, ಮೆನು ಬಂದಿದ್ದು ಹೆಂಗೆ ಗೊತ್ತಾಯ್ತು?"

"ಮೊದ್ಲು ಫ್ಯಾನ್ ಜೋರಾಗಿ ತಿರುಗಿ ಇಳಿಯುತ್ತೆ. ಇಳಿದ ಮೇಲೆ ಏಳು ಎಣಿಸ್ಬೇಕು. ಇಷ್ಟು ದಿನ ಅಂಗೈ ಇಟ್ಕೊಂಡು ಕೂತಿದ್ದು ಬೆಚ್ಚಗಿರುತ್ತೆ ಅಂತಲ್ಲ ಕಣೇ."

ಅವನ ಹಿಂದೆ ಸಾಹೇಬರು ನಿವೃತ್ತಿ ಅರ್ಜಿಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದರು. ಕಣ್ಣಾರೆ ನೋಡಿದೆ. ಆದೇಶ ಮೇಜಿನ ಮೇಲಿದೆ. ಅಳುವೂ ಬರುತ್ತಿದೆ, ನಗುವೂ. ಬರೆಯದಿದ್ದರೆ ಇಲ್ಲೇ ಗೊಳೋ ಅಂದುಬಿಡುತ್ತೇನೆ.

"ಇನ್ನೂ ಗೀಚ್ತಾ ಇದೀಯಾ? ಸಹಿ ಹಾಕ್ಬೇಕು, ಸಾಹೇಬ್ರ ಪೆನ್ನು ಬರೀತಿಲ್ಲ. ನಿಂದು ಕೊಡು."

ಇರು ಅಣ್ಣ, ಒಂದೇ ಸಾಲು ಅಂದೆ. ಇನ್ನು ಮೇಲೆ ಯಾರೇ ಮಾತಾಡಲಿ, ಮುಗಿಸುವ ತನಕ ಬಾಯಿ ಹಾಕುವುದಿಲ್ಲ. ಇದು ಆಣೆ. ಇವನು ನೋಡಿದರೆ ಇವತ್ತೇ ಅವಸರ ಕಲಿತಿದ್ದಾನೆ, ಲೈನಲ್ಲಿರೋರು ಮುಗಿಸ್ಲಿ ಅಂದವನೇ ತಡಕಾಡಿ ಪೆನ್ನಿಗೇ ಕೈ ಹಾ