ಓದದೆ ಕೊಟ್ಟ ಲಕೋಟೆ

ಈಶ್ವರಮಂಗಲ
1 ಅಕ್ಟೋಬರ್ 2025, ಬುಧವಾರ

ಪ್ರೀತಿಯ ತಮ್ಮ ಗಿರಿಧರ,

ಕಳೆದ ಆಗಸ್ಟ್ ಒಂಬತ್ತನೇ ತಾರೀಕು, ಶನಿವಾರ, ನೀನೂ ನಿನ್ನ ಸಮಿತಿಯವರೂ ಸೇರಿ ಆಲೆಟ್ಟಿಯ ಕುಕ್ಕಪ್ಪ ಗೌಡರ ಮಗಳು ದೀಪ್ತಿಯ ಹೆಸರನ್ನು ಭಾರತದ ಮಹಿಳಾ ವಾಟರ್ ಪೋಲೊ ತಂಡದ ಪಟ್ಟಿಯಿಂದ ತೆಗೆದುಹಾಕಿದಿರಿ. ಪಟ್ಟಿಯ ಕೆಳಗೆ ತಂಡದ ಮ್ಯಾನೇಜರ್ ಎಂದು ಇರುವುದು ನಿನ್ನ ರುಜು. ತಮ್ಮನಿಗೆ ಬರೆಯುವ ಕಾಗದವನ್ನು ಹೀಗೆ ಶುರು ಮಾಡಬೇಕಾಗಿ ಬಂತಲ್ಲ ಎಂದು ಬೇಸರವಿದೆ. ನಿನ್ನ ಭುಜದ ನೋವು ಹೇಗಿದೆ? ಪುಣೆಯ ಚಳಿ ಶುರುವಾಗುವ ಮೊದಲು ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ. ನನ್ನ ಸಕ್ಕರೆ ಹತೋಟಿಯಲ್ಲಿದೆ. ನಿನ್ನ ಅತ್ತಿಗೆ ಗೋದಾವರಿಗೆ ಪುತ್ತೂರಿನಲ್ಲಿ ಕಣ್ಣಿನ ಪೊರೆ ತೆಗೆಸಿದ ಮೇಲೆ ಪೇಪರಿನ ಸಣ್ಣ ಅಕ್ಷರವೂ ಕಾಣುತ್ತದೆ. ಮೊನ್ನೆ ಕ್ರೀಡಾಪುಟದ ಮೂಲೆಯಲ್ಲಿ ನಿನ್ನ ಮಾತನ್ನು ಕಂಡುಹಿಡಿದವಳು ಅವಳೇ. ಗಟ್ಟಿಯಾಗಿ ಓದಲು ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದಳು. ಪೇಪರನ್ನು ನನ್ನ ಮುಂದಿಟ್ಟು ಒಳಗೆ ಹೋದಳು.

ನೀನು ಹೇಳಿದ್ದು ಇಷ್ಟು. ಮೊದಲ ಗೋಲ್‌ಕೀಪರ್ ಸ್ವಇಚ್ಛೆಯಿಂದ ಹಿಂದೆ ಸರಿದ ಕಾರಣ ತಂಡಕ್ಕೆ ತೊಂದರೆಯಾಯಿತು. ಹಳ್ಳಿಯ ಹುಡುಗಿಯರಿಗೆ ಮನೆ ಬಿಟ್ಟು ಇರುವ ಧೈರ್ಯ ಕಡಿಮೆ. ಇದನ್ನು ಹೇಳಿದವನು, ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಎದೆಗೆ ಕಟ್ಟಿಕೊಂಡು ನಮ್ಮ ತೋಟದ ಕೆರೆಯಲ್ಲಿ ಈಜು ಕಲಿತ ಗಿರಿಧರ. ಕಾಯಿ ಬಿಚ್ಚಿದ ದಿನ ನೀನು ನನ್ನ ಕುತ್ತಿಗೆ ಹಿಡಿದು ಇಬ್ಬರನ್ನೂ ಮುಳುಗಿಸಿದ್ದೆ. ಆಗ ನಾನು ನಿನ್ನನ್ನು ಹೇಡಿ ಎಂದು ಯಾರ ಹತ್ತಿರವೂ ಹೇಳಲಿಲ್ಲ.

ದೀಪ್ತಿಯ ಧೈರ್ಯದ ವಿಷಯ ನಿನಗಿಂತ ನನಗೆ ಗೊತ್ತು. ಸುಳ್ಯದ ಹೈಸ್ಕೂಲಿನಿಂದ ನಿವೃತ್ತನಾದ ಮೇಲೆ ನಾನು ಈಜು ಕಲಿಸಿದ ಕೊನೆಯ ಮಗು ಅವಳು. ವಾಟರ್ ಪೋಲೊದಲ್ಲಿ ಗೋಲ್‌ಕೀಪರಿನ ಕಾಲು ನೆಲ ಮುಟ್ಟುವುದಿಲ್ಲ. ನೀರಿನೊಳಗೆ ಒಂದೇ ಸವನೆ ತುಳಿಯುತ್ತಾ ಸೊಂಟದವರೆಗೆ ಮೇಲೆದ್ದು ಚೆಂಡು ತಡೆಯಬೇಕು. ಅದನ್ನು ಅವಳು ಕಲಿತದ್ದು ಆಲೆಟ್ಟಿಯ ಕೆರೆಯಲ್ಲಿ. ಕುಕ್ಕಪ್ಪ ಗೌಡರು ದಂಡೆಯ ಮೇಲೆ ನಿಂತು, ಸುಲಿಯದ ಒಣ ಕಾಯಿಗಳನ್ನು ಒಂದರ ಹಿಂದೆ ಒಂದರಂತೆ ಎಸೆಯುತ್ತಿದ್ದರು. "ಮಾಷ್ಟ್ರೆ, ನನ್ನ ತೋಟದಲ್ಲಿ ಕಾಯಿ ಕೀಳುದು ಈಗ ಅಡುಗೆಗಲ್ಲ, ಇವಳಿಗೆ ಹೊಡೀಲಿಕ್ಕೆ" ಎಂದು ನಗುತ್ತಿದ್ದರು. ಒಮ್ಮೆ ಒಂದು ಕಾಯಿ ಹುಬ್ಬಿಗೆ ತಾಗಿ ನಾಲ್ಕು ಹೊಲಿಗೆ ಬಿತ್ತು. ಮಾರನೆಯ ದಿನ ಬಂದು, "ಅಪ್ಪ, ನಿನ್ನೆದು ಲೆಕ್ಕಕ್ಕಿಲ್ಲ, ಪುನಃ ಎಸಿ" ಎಂದವಳು ಅವಳು. ಹದಿನೇಳು ವರ್ಷಕ್ಕೆ ದೇಶದ ತಂಡದ ಗೋಲ್‌ಕೀಪರ್ ತೊಡುವ ಕೆಂಪು ಟೊಪ್ಪಿ ಸಿಕ್ಕಿತೆಂದು ನೀನೇ ಫೋನ್ ಮಾಡಿ ಹೇಳಿದಾಗ, ಅವಳ ಅಮ್ಮ ಸೇವಂತಿ ಅತ್ತರು. ನಾನೂ ಅತ್ತೆ.

ಜುಲೈ ಕೊನೆಯ ವಾರ ನಿನ್ನಿಂದ ನನ್ನ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಬಂತು. ಒಳಗೆ ಕುಕ್ಕಪ್ಪ ಗೌಡರ ಹೆಸರಿನ ಅಂಟಿಸಿದ ಲಕೋಟೆ, ಜೊತೆಗೊಂದು ಚೀಟಿ: "ಅಣ್ಣಾ, ಪಾಸ್‌ಪೋರ್ಟಿನ ಕೆಲಸದ ಕಾಗದ. ನೀನೇ ಕೊಂಡುಹೋಗಿ ರುಜು ಹಾಕಿಸಿ ಕಳಿಸು. ನಿನ್ನ ಕೈಯಿಂದಾದರೆ ಅವರಿಗೆ ಧೈರ್ಯ." ನಾನು ಬಸ್ಸಿನಲ್ಲಿ ಆಲೆಟ್ಟಿಗೆ ಹೋದೆ. ಬೆಲ್ಲ ನೀರು ಕೊಟ್ಟರು, ಊಟಕ್ಕೆ ಕೂರಿಸಿದರು. ಆಮೇಲೆ ಕುಕ್ಕಪ್ಪ ಗೌಡರು ಲಕೋಟೆ ಒಡೆದು, ಇಂಗ್ಲಿಷಿನ ಹಾಳೆಯನ್ನು ಮೊಣಕಾಲಿನ ಮೇಲೆ ಹರಡಿಕೊಂಡರು. ಕನ್ನಡಕ ತರುತ್ತೇನೆಂದು ಸೇವಂತಿ ಎದ್ದರೆ ತಡೆದರು. "ಮಾಷ್ಟ್ರು ತಂದ ಕಾಗದ ಅಲ್ವಾ, ಓದುದು ಎಂತಕ್ಕೆ? ಎಲ್ಲಿ ಹಾಕುದು ಹೇಳಿ." ಮನೆಗೆ ಬಂದ ಮಾಷ್ಟ್ರ ಎದುರಿನಲ್ಲಿ ಅವರು ತಂದ ಕಾಗದವನ್ನು ಓದಿ ನೋಡುವುದು ಮಾಷ್ಟ್ರನ್ನು ಸಂಶಯಿಸಿದ ಹಾಗೆ ಎಂದು ಅವರ ಲೆಕ್ಕ. ಬೇರೆಯವರ ಹೆಸರಿಗೆ ಬಂದ ಕಾಗದದ ಮೇಲೆ ಕಣ್ಣು ಹಾಯಿಸುವುದು ಹೀನ ಕೆಲಸ ಎಂದು ನನ್ನ ಲೆಕ್ಕ. ನಲವತ್ತು ವರ್ಷ ಪುಸ್ತಕ ಓದಿದವನು ನಾನು. ಆ ಒಂದು ಹಾಳೆಯನ್ನು ಓದಲಿಲ್ಲ. ಗೆರೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದೆ, ಅವರು ರುಜು ಹಾಕಿದರು. ನಾವಿಬ್ಬರೂ ಹೀಗೆಯೇ ಮಾಡುತ್ತೇವೆ ಎಂಬುದು, ಇದೇ ಮಣ್ಣಿನಲ್ಲಿ ಬೆಳೆದ ನಿನಗೆ ಗೊತ್ತಿತ್ತು. ಹೊರಗಿನವನೊಬ್ಬ ಈ ಉಪಾಯ ಹೂಡಲಾರ.

ಅದರಲ್ಲಿದ್ದದ್ದು, ಕೌಟುಂಬಿಕ ಕಾರಣಗಳಿಂದ ನನ್ನ ಅಪ್ರಾಪ್ತ ಮಗಳನ್ನು ತಂಡದಿಂದ ಹಿಂದೆ ಕರೆಸಿಕೊಳ್ಳುತ್ತಿದ್ದೇನೆ ಎಂದು. ಆಗ ಶಿಬಿರದಲ್ಲಿದ್ದ ಅವಳ ಕೈಗೆ ಅದರ ಜೆರಾಕ್ಸ್ ಕೊಟ್ಟು ಒಬ್ಬಳನ್ನೇ ರೈಲು ಹತ್ತಿಸಿದಿರಿ. ಅದನ್ನು ಅವಳು ಮನೆಗೆ ತಂದಾಗಲೇ ನಮಗೆ ವಿಷಯ ಗೊತ್ತಾದದ್ದು. ಅವಳ ಜಾಗಕ್ಕೆ ಹೋದದ್ದು ನಿಮ್ಮ ಸಮಿತಿಯ ಉಪಾಧ್ಯಕ್ಷರ ಮಗಳು. ಆ ಹುಡುಗಿ ಒಳ್ಳೆಯ ಬ್ಯಾಕ್‌ಸ್ಟ್ರೋಕ್ ಈಜುಗಾರ್ತಿಯಂತೆ, ಗೋಲಿನ ಎದುರು ನಿಂತವಳಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಟೂರ್ನಿಯಲ್ಲಿ ಜಪಾನಿನವರು ಮೂವತ್ತೊಂದು ಗೋಲು ಹೊಡೆಯುವಾಗ ಅವಳ ಮುಖ ನೋಡಲಾಗಲಿಲ್ಲ. ಆ ಪಂದ್ಯವನ್ನು ನಾನು ಆಲೆಟ್ಟಿಯಲ್ಲಿ ದೀಪ್ತಿಯ ಪಕ್ಕದಲ್ಲಿ ಕುಳಿತು ಅವಳ ಮೊಬೈಲಿನಲ್ಲೇ ನೋಡಿದೆ. ಪ್ರತಿ ಸಲ ಚೆಂಡು ಬರುವಾಗಲೂ ಬೆಂಚಿನ ಕೆಳಗೆ ಅವಳ ಕಾಲುಗಳು ನೀರು ತುಳಿಯುತ್ತಿದ್ದವು. "ಇವಳಿದ್ದಿದ್ರೆ ಹತ್ತಾದ್ರೂ ತಡೀತಿದ್ಳು, ಅಲ್ವಾ ಮಾಷ್ಟ್ರೆ?" ಎಂದು ಸೇವಂತಿ ಕೇಳಿದರು. ಕುಕ್ಕಪ್ಪ ಗೌಡರು ಮಾತ್ರ ಅಂಗಳದಲ್ಲೇ ಇದ್ದರು. ಆಗಸ್ಟಿನಿಂದ ಮಗಳು ಅವರೊಡನೆ ಮಾತು ಬಿಟ್ಟಿದ್ದಾಳೆ. ಅವರು ನನ್ನನ್ನು ಬೈದಿದ್ದರೆ ನನಗೆ ನಿದ್ದೆ ಬರುತ್ತಿತ್ತೋ ಏನೋ. "ರುಜು ನನ್ನದೇ ಅಲ್ವಾ ಮಾಷ್ಟ್ರೆ, ನಿಮ್ಮದೆಂತ ತಪ್ಪು" ಎನ್ನುತ್ತಾರೆ.

1991 ನೆನಪಿದೆಯಾ? ರಾಜ್ಯ ತಂಡದ ಕೆಂಪು ಟೊಪ್ಪಿ ನಿನ್ನದೆಂದು ಎಲ್ಲರೂ ಹೇಳಿದ್ದರು. ಮೈಸೂರಿನ ರೈಲು ನಿಲ್ದಾಣದಲ್ಲಿ ಪಟ್ಟಿ ಓದುವಾಗ ನಿನ್ನ ಹೆಸರಿರಲಿಲ್ಲ. ನಾನು ಪೇಪರಿನ ಸಂಪಾದಕರಿಗೆ ಮೂರು ಪತ್ರ ಬರೆದೆ, ಒಂದು ಅಚ್ಚಾಯಿತು, ಉತ್ತರ ಯಾರೂ ಕೊಡಲಿಲ್ಲ. ನೀನು ವಾರಗಟ್ಟಲೆ ಕೆರೆಗೆ ಇಳಿಯಲಿಲ್ಲ. "ಅಣ್ಣಾ, ಅವ್ರು ಎದುರಿಗೆ ಬಂದು ಒಂದು ಕಾರಣ ಹೇಳಿದ್ರೆ ನನಗೆ ಸಾಕಿತ್ತು" ಎಂದಿದ್ದೆ. ಅಚ್ಚಾದ ಆ ಪತ್ರದ ಕತ್ತರಿಸಿದ ತುಂಡು ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ನಿನ್ನೆ ತೆಗೆದು ಓದಿದೆ. ಹೆಸರು ಬದಲಿಸಿದರೆ ಸಾಕು, ಇವತ್ತಿಗೂ ಸರಿಹೋಗುತ್ತದೆ.

ಇದು ಒಂದು ಟೂರ್ನಿಗೆ ಮುಗಿಯುವುದೂ ಇಲ್ಲ. ಸ್ವಇಚ್ಛೆಯಿಂದ ಹಿಂದೆ ಸರಿದವರನ್ನು ಎರಡು ವರ್ಷ ಶಿಬಿರಕ್ಕೆ ಕರೆಯುವುದಿಲ್ಲ ಎಂದು ನಿಮ್ಮ ಸಮಿತಿಯಿಂದ ಅವಳಿಗೆ ನೋಟಿಸು ಬಂದಿದೆ. ಆ ಕಾಗದ ಸುಳ್ಳು ಎಂದು ನೀನು ಬಾಯಿಬಿಟ್ಟು ಹೇಳದಿದ್ದರೆ ಅವಳ ಆಟ ಇಲ್ಲಿಗೆ ಮುಗಿಯಿತು. ಅವಳು ಈಗ ಕೆರೆಯ ಕಡೆ ಹೋಗುವುದಿಲ್ಲ. ಕಾಯಿಗಳು ದಂಡೆಯ ಮೇಲೆ ರಾಶಿ ಬಿದ್ದು ಮೊಳಕೆ ಬಂದಿವೆ.

ವಾಟ್ಸಾಪಿನಲ್ಲಿ ಕೇಳಿದರೆ ಓದಿದ ಗುರುತು ಬರುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ನಾನೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಗೋದಾವರಿ ನಿನಗೆಂದು ಹಲಸಿನ ಹಪ್ಪಳ ತೆಗೆದಿಟ್ಟಿದ್ದಾಳೆ. ಅವಳ ಸಿಟ್ಟು ಹಪ್ಪಳದವರೆಗೆ ಹೋಗುವುದಿಲ್ಲ. ನಿನ್ನ ಮನೆಯವರಿಗೆಲ್ಲ ನನ್ನ ಆಶೀರ್ವಾದ. ನಿನಗೂ ಇದೆ, ಹಿರಿಯನಾಗಿ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಬರುವುದಿಲ್ಲ.

ಇಂತು ನಿನ್ನ ಅಣ್ಣ,
ಮಹಾಲಿಂಗ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನನ್ನ ಹಳೆಯ ಶಿಷ್ಯ ಉದಯ ಫೋನ್ ಮಾಡಿದ. ಇದೇ ಹನ್ನೆರಡರ ಆದಿತ್ಯವಾರ ಪುತ್ತೂರಿನಲ್ಲಿ ಊರಿನ ಈಜುಗಾರರೆಲ್ಲ ಸೇರಿ ನಿನಗೆ ಸನ್ಮಾನ ಇಟ್ಟಿದ್ದಾರಂತೆ, ನೀನೂ ಒಪ್ಪಿದ್ದೀಯಂತೆ. "ಶಾಲು ನೀವೇ ಹಾಕ್ಬೇಕು ಮಾಷ್ಟ್ರೆ, ಅಣ್ಣನ ಕೈಯಿಂದ ತಮ್ಮನಿಗೆ, ಎಷ್ಟು ಚಂದ ಉಂಟು ಅಲ್ವಾ!" ಎಂದ. ಬರುತ್ತೇನೆ ಎಂದಿದ್ದೇನೆ. ಮೊದಲು ಮೈಕ್ ತೆಗೆದುಕೊಂಡು, ಓದದೆ ರುಜು ಹಾಕಿಸಿದವನು ನಾನು ಎಂದು ಹೇಳುತ್ತೇನೆ. ದೀಪ್ತಿಯೂ ಕುಕ್ಕಪ್ಪ ಗೌಡರೂ ಎದುರಿನ ಸಾಲಿನಲ್ಲಿರುತ್ತಾರೆ, ಕರೆದುಕೊಂಡು ಬರುವ ಜವಾಬ್ದಾರಿ ನನ್ನದು. ಆಮೇಲೆ ಮೈಕ್ ನಿನ್ನ ಕೈಗೆ. ಆ ಕಾಗದ ಬರೆದದ್ದು ಯಾರು, ಯಾರಿಗೆ ಜಾಗ ಮಾಡಿಕೊಡಲು ಬರೆದದ್ದು? ಶಾಲು ಹಾಕುವ ಮೊದಲು, ಎಲ್ಲರಿಗೂ ಕೇಳುವ ಹಾಗೆ ಹೇಳು.