ಎರಡು ಹನಿ ಹೆಚ್ಚು

ಜಮಖಂಡಿ
19 ಮೇ 2013, ರವಿವಾರ

ಪ್ರೀತಿಯ ಮನೀಷಾ,

ನಾನು ಆರಾಮ ಇದ್ದೇನೆ ಎಂದು ಬರೆಯಲು ಹೋದೆ, ಕೈ ಮುಂದೆ ಸಾಗಲಿಲ್ಲ. ಆ ಸಾಲನ್ನು ಬಿಟ್ಟೇ ಶುರು ಮಾಡುತ್ತೇನೆ. ತಾಯವ್ವನವರಿಗೆ ನನ್ನ ನಮಸ್ಕಾರ ಹೇಳು. ಈ ಪತ್ರವನ್ನು ಮಾತ್ರ ಅವರಿಗೆ ಓದಿ ಹೇಳಬೇಡ.

ಮುಧೋಳವೇನು ಕಾಶಿಯೇ, ಬಸ್ಸು ಹತ್ತಬಾರದೇನು, ಫೋನಾದರೂ ಮಾಡಬಾರದೇನು ಎಂದು ನೀನು ಬೈಯುತ್ತೀ. ಬೈ. ಎದುರಿಗೆ ನಿಂತಾಗಲಿ ಫೋನಿನಲ್ಲಾಗಲಿ ಹೇಳುವ ಧೈರ್ಯ ನನಗಿಲ್ಲ. ಕಂಪ್ಯೂಟರಿನಲ್ಲಂತೂ ಇದನ್ನು ಬರೆಯಬಾರದು. ಯಾಕೆಂದು ಮುಂದೆ ಗೊತ್ತಾಗುತ್ತದೆ. ನಿನ್ನ ತಂಗಿ ಶೀತಲ ನಾಳೆ ಇಲ್ಲಿಂದಲೇ ನಿನ್ನ ಊರಿಗೆ ಬರುವವಳಿದ್ದಾಳಲ್ಲ, ಅವಳ ಕೈಯಲ್ಲೇ ಕೊಡುತ್ತೇನೆ. ಧಾರವಾಡದ ಹಾಸ್ಟೆಲಿನಲ್ಲಿ ನಿನ್ನ ಮತ್ತು ದುರಗೇಶನ ಚೀಟಿಗಳನ್ನು ಹೊತ್ತು ಓಡಾಡಿದವಳು ನಾನು. ನೀನು ನನಗೆ ಪೋಸ್ಟವ್ವ ಎಂದು ಹೆಸರಿಟ್ಟಿದ್ದೆ. ಈಗ ಪೋಸ್ಟವ್ವನಿಗೆ ಪೋಸ್ಟಿನ ಮೇಲೇ ನಂಬಿಕೆ ಇಲ್ಲದಂತಾಗಿದೆ ನೋಡು.

ಇಪ್ಪತ್ತೇಳನೇ ತಾರೀಖು, ಸೋಮವಾರ, ನಿನ್ನ ಉಡಿಕೆ. ಅತ್ತೆಯೇ ಮುಂದೆ ನಿಂತು ಸೊಸೆಗೆ ಎರಡನೇ ಸಂಸಾರ ಕಟ್ಟಿಕೊಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮೊನ್ನೆ ತಾಯವ್ವ ನನ್ನ ಕೈ ಹಿಡಿದು ಹೇಳಿದರು, "ಮಗಾ ನೀರಿಗಿ ಹೋದ. ಸೊಸೀನ ಕಣ್ಣೀರಾಗ ಮುಳುಗಸ್ಲೇನವಾ? ಮಗಳಂಗ ಕಳಸ್ತೀನಿ." ನಿನ್ನನ್ನು ಮಾಡಿಕೊಳ್ಳಲಿರುವ ಮುತ್ತಪ್ಪನವರ ಬನಹಟ್ಟಿ ಮನೆಯನ್ನು ಅವರು ಹೊಗಳಿದ್ದೇ ಹೊಗಳಿದ್ದು. "ಹಿತ್ತಲದಾಗ ಬಾವಿ ಐತಿ, ನೀರ ಬೆಲ್ಲ ಇದ್ದಂಗ. ಅದ ನೀರಾಗ ಅರಿಷಿಣ ಕಲಸಿ ನಾನ ಎರೀತೀನಿ ಅಕಿಗೆ." ನೀನು ಬದಿಗೆ ಕೂತು ನಾಚಿಕೊಳ್ಳುತ್ತಿದ್ದೆ. ನಲವತ್ತು ದಾಟಿದವಳು ನಾಚಿಕೊಂಡರೆ ಇಷ್ಟು ಚೆಂದ ಕಾಣುತ್ತಾಳೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಅಡುಗೆಮನೆಯಲ್ಲಿ ನೀನು ಹೇಳಿದ ಮಾತು ನನ್ನ ಎದೆಯಲ್ಲೇ ಕೂತಿದೆ. "ರಾಜಿ, ಹತ್ತ ವರ್ಷ ಬಾಗಲಕ್ಕ ಚಿಲಕ ಹಾಕಿಲ್ಲ ನಾ. ಬಂದ್ರ ಬರ್ಲಿ ಅಂತ. ಇನ್ನ ಹಾಕ್ಕೊಂಡು ಮಲಗತೀನಿ." ಆ ಚಿಲಕದ ಸಲುವಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ನನ್ನ ಪ್ರಮೋಶನ್ನಿನ ಪುರಾಣ ಕೇಳು. ಈಗ ಸರ್ಕಾರದವರು ಅಧ್ಯಾಪಕರಿಗೂ ಅಂಕ ಹಾಕುತ್ತಾರೆ. ಎಷ್ಟು ಪ್ರಬಂಧ ಅಚ್ಚಾಗಿವೆ, ಅವನ್ನು ಎಷ್ಟು ಮಂದಿ ತಮ್ಮ ಪ್ರಬಂಧದಲ್ಲಿ ಹೆಸರಿಸಿದ್ದಾರೆ, ಎಲ್ಲ ತೋರಿಸಬೇಕು. ಪಾಠ ಹೇಳಿ ಹೇಳಿ ಗಂಟಲು ಹರಿದುಕೊಂಡದ್ದಕ್ಕೆ ಏನೂ ಇಲ್ಲ. ನೀನು ಕನ್ನಡ ಕಲಿಸುವವಳು, ನಿನಗೆ ಈ ಸೈಟೇಶನ್ ಎಂಬುದನ್ನು ಹೇಗೆ ತಿಳಿಸಲಿ? ನಮ್ಮ ಒಡಪಿನ ಹಾಗೆ ಎಂದುಕೋ. ಮದುವೆಯಲ್ಲಿ ಹೆಂಗಸರೆಲ್ಲ ಹೊಸ್ತಿಲಲ್ಲಿ ತಡೆದು ನಿಲ್ಲಿಸಿ "ಒಡಪ ಹಾಕಿ ಗಂಡನ ಹೆಸರ ಹೇಳ, ಅಂದ್ರ ಒಳಗ ಬಿಡ್ತೀವಿ" ಅನ್ನುತ್ತಾರಲ್ಲ, ಹಾಗೆ. ನಾಲ್ಕು ಮಂದಿಯ ಎದುರು ಯಾರಾದರೂ ನಿನ್ನ ಹೆಸರು ಹೇಳಿದರೇ ನಿನಗೆ ಒಳಗೆ ಪ್ರವೇಶ. ನನ್ನ ಹೆಸರನ್ನು ಒಡಪಿನಲ್ಲಿ ಹೇಳುವವರು ಯಾರೂ ಸಿಗಲಿಲ್ಲ, ಅದು ಬಿಡು. ಪ್ರಬಂಧದಲ್ಲಾದರೂ ಯಾರಾದರೂ ಹೇಳಿದ್ದಾರೆಯೇ ಎಂದು ಹುಡುಕಬೇಕಾಯಿತು.

ನಮ್ಮ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಗಿರಿಮಲ್ಲಪ್ಪ ನನ್ನ ಹೆಸರು ಹಾಕಿ ಹುಡುಕಿದ. ಹುಡುಕಿ, ಕುರ್ಚಿಯಿಂದ ಎದ್ದೇ ನಿಂತ. "ಮೇಡಮ್ಮಾರ, ಏಳ ಕಡೆ ಬಂದೈತ್ರೀ ನಿಮ್ಮ ಹೆಸರು! ಪ್ರಿನ್ಸಿಪಾಲರದು ಎರಡ ಐತ್ರೀ, ಅದರಾಗ ಒಂದು ಅವ್ರ ತಾವ ಹಾಕ್ಕೊಂಡಿದ್ದು." ಇಬ್ಬರೂ ನಕ್ಕೆವು. ನಾನು ಅವನಿಗೆ ಚಹಾ ಕುಡಿಸಿದೆ. ಏಳೂ ಕಡೆ ಹೆಸರಿಸಿದ್ದು ಒಂದೇ ಪ್ರಬಂಧವನ್ನು. ದುರಗೇಶ ಮತ್ತು ನಾನು ಸೇರಿ ಬರೆದದ್ದು, ಮುಳುಗಡೆಯಾಗಲಿದ್ದ ಅನಗವಾಡಿ ದಂಡೆಯ ಬಾವಿಗಳ ನೀರಿನ ಬಗ್ಗೆ.

ಹೆಸರಿಸಿದವರು ಯಾರೆಂದು ನೋಡಿದ್ದು ಆಮೇಲೆ. ಏಳೂ ಪ್ರಬಂಧ ಒಬ್ಬನದೇ. ದುರಗೇಶ, ಅನಗವಾಡಿ. ಕಾಲೇಜಿನ ಹೆಸರಿಲ್ಲ, ಫೋನಿಲ್ಲ, ಊರಿನ ಹೆಸರು ಮಾತ್ರ. ಮೊದಲನೆಯದು ಅವನು ನೀರಿಗೆ ಹೋದ ಎರಡನೇ ವರ್ಷದ್ದು. ಕೊನೆಯದು ಈ ವರ್ಷದ್ದು.

ಕೂತುಕೋ ಮನೀಷಾ. ನೀರು ಕುಡಿ. ನಾನೂ ಕುಡಿದೆ.

ಅದೇ ಹೆಸರಿನ ಬೇರೆ ಯಾರೋ ಇರಬೇಕು ಎಂದುಕೊಂಡೆ. ಆ ಊರಿನಲ್ಲಿ ರಸಾಯನಶಾಸ್ತ್ರ ಓದಿದ ದುರಗೇಶ ಇನ್ನೊಬ್ಬನಿಲ್ಲ, ನಿನಗೂ ಗೊತ್ತು. ಹಳೆಯ ಪ್ರಬಂಧಕ್ಕೆ ಕಂಪ್ಯೂಟರ್ ತಪ್ಪು ವರ್ಷ ಹಚ್ಚಿರಬೇಕು ಎಂದುಕೊಂಡೆ. ಗಿರಿಮಲ್ಲಪ್ಪನೋ, "ರೊಕ್ಕಾ ಒಗದ್ರ ಯಾರದರೆ ಹೆಸರಿನ ಮ್ಯಾಲೆ ಏನರೆ ಹಾಕ್ತಾರ ಬಿಡ್ರೀ, ಸುಳ್ಳ ಪತ್ರಿಕಿ ಭಾಳ ಆಗ್ಯಾವ" ಅಂದ. ಅದನ್ನೇ ನಂಬಿ ಆ ದಿನ ಮನೆಗೆ ಬಂದೆ, ರೊಟ್ಟಿ ಬಡಿದೆ, ಉಂಡೆ. ಮರುದಿನ ಅಂಕಿಗಳನ್ನು ಓದಿದೆ. ಆಮೇಲೆ ನನಗೆ ಊಟ ಸೇರಿಲ್ಲ.

ಒಳಗಿರುವುದೆಲ್ಲ ಅವೇ ಬಾವಿಗಳು. ಗುಡಿ ಹತ್ತಿರದ ಸಿಹಿ ಬಾವಿ, ಹೊಲದ ಬದಿಯ ಸವಳು ಬಾವಿ. ಹತ್ತು ವರ್ಷದಿಂದ ಹಿನ್ನೀರಿನಡಿ ಇರುವ ಬಾವಿಗಳಿಂದ ವರ್ಷವರ್ಷವೂ ನೀರು ತೆಗೆದು ಅಳೆದಿದ್ದಾನೆ. ಮೇಲೆ ಅಷ್ಟು ದೊಡ್ಡ ಹೊಳೆ ನಿಂತಮೇಲೆ ಸಿಹಿ ಎಲ್ಲಿ, ಸವಳು ಎಲ್ಲಿ, ಎಲ್ಲ ಒಂದೇ ಆಗಿರಬೇಕು. ಅವನ ಲೆಕ್ಕದಲ್ಲಿ ಸಿಹಿ ಸಿಹಿಯಾಗಿಯೇ ಇದೆ, ಸವಳು ಸವಳಾಗಿಯೇ ಇದೆ.

ಅದನ್ನೂ ಸುಳ್ಳು ಎಂದು ತಳ್ಳಿಬಿಡುತ್ತಿದ್ದೆ. ಆದರೆ ಅವನ ಕಣ್ಣಿನ ವಿಷಯ ನಿನಗೆ ನೆನಪಿದೆಯಲ್ಲ? ನೀಲಿ ಎಂದು ಇಳಕಲ್ಲಿನಿಂದ ನಿನಗೆ ಸೀರೆ ತಂದಿದ್ದ, ಬಿಚ್ಚಿದರೆ ದ್ರಾಕ್ಷಿ ಬಣ್ಣದ್ದು. ನೀನು ನಕ್ಕದ್ದಕ್ಕೆ ಎರಡು ದಿನ ಮುಖ ಉಬ್ಬಿಸಿಕೊಂಡಿದ್ದ. ನೀರಿನ ಗಡಸುತನ ಅಳೆಯುವಾಗಲೂ ಅದೇ ಬಣ್ಣಗಳು. ಹನಿ ಹನಿ ಔಷಧ ಬಿಡುತ್ತ ಹೋದರೆ ದ್ರಾಕ್ಷಿ ಬಣ್ಣದ ನೀರು ನೀಲಿಗೆ ತಿರುಗುತ್ತದೆ. ತಿರುಗಿದ ಕೂಡಲೇ ನಿಲ್ಲಿಸಬೇಕು. ಅವನಿಗೆ ಅದು ಸರಿಯಾಗಿ ಕಾಣುತ್ತಿರಲಿಲ್ಲ. ಖಾತ್ರಿಗೆ ಇರಲಿ ಎಂದು ಯಾವಾಗಲೂ ಎರಡು ಹನಿ ಹೆಚ್ಚು ಬಿಡುತ್ತಿದ್ದ. "ನೋಡ ಬೇ, ಈಗ ನೀಲಿ ಆತಲ್ಲ?" ಎಂದು ನನ್ನನ್ನು ಕೇಳುತ್ತಿದ್ದ. ಅದು ಆಗಲೇ ಆಗಿಹೋಗಿರುತ್ತಿತ್ತು. ನಾವಿಬ್ಬರೂ ಮಾತಾಡಿಕೊಂಡೇ ನಮ್ಮ ಪ್ರಬಂಧಕ್ಕೆ ನನ್ನ ಅಂಕಿ ಹಾಕಿದೆವು. ಅವನ ಅಂಕಿ ಎಲ್ಲಿಯೂ ಅಚ್ಚಾಗಲಿಲ್ಲ.

ಈ ಏಳು ಪ್ರಬಂಧಗಳಲ್ಲಿ ನಮ್ಮ ಹಳೆಯ ಬಾವಿಗಳ ಗಡಸುತನ ಅಂದು ಅಚ್ಚಾದ ನನ್ನ ಅಂಕಿಗಿಂತ ಸರಿಯಾಗಿ ಎರಡು ಹನಿ ಹೆಚ್ಚಿದೆ. ಪ್ರತಿಯೊಂದರಲ್ಲೂ. ಆ ಎರಡು ಹನಿಯ ಸಂಗತಿ ಈ ಭೂಮಿಯ ಮೇಲೆ ಗೊತ್ತಿದ್ದದ್ದು ಅವನಿಗೆ ಮತ್ತು ನನಗೆ. ಕಳ್ಳ ಕದ್ದರೆ ಅಚ್ಚಾದದ್ದನ್ನು ಕದ್ದಾನು, ಅಚ್ಚಾಗದೆ ಉಳಿದ ತಪ್ಪನ್ನು ಎಲ್ಲಿಂದ ಕದಿಯುತ್ತಾನೆ?

ಬದುಕಿದ್ದಾನೆ ಎಂದುಕೊಂಡೆ. ಮೊದಲು ಬಂದದ್ದು ಸಿಟ್ಟು. ಖೋಡಿ, ಹತ್ತು ವರ್ಷ ಹೆಂಡತಿಯನ್ನು ಚಿಲಕವಿಲ್ಲದ ಬಾಗಿಲ ಹಿಂದೆ ಮಲಗಿಸಿ, ಎಲ್ಲೋ ಕೂತು ನನ್ನ ಪ್ರಬಂಧ ಓದುತ್ತಿದ್ದಾನೆಯೇ! ಸಿಕ್ಕರೆ ಕಪಾಳಕ್ಕೆ ಬಿಗಿದು, ಕಿವಿ ಹಿಡಿದು ನಿನ್ನ ಮುಂದೆ ತಂದು ನಿಲ್ಲಿಸುತ್ತೇನೆ ಎಂದು ಅನಗವಾಡಿಗೆ ಹೋದೆ. ಹೋದ ಗುರುವಾರ. ನನಗೆ ತಲೆನೋವು ಎಂದು ನಿನಗೆ ಸುಳ್ಳು ಹೇಳಿದ್ದೆ.

ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಗುಡಿಯ ಕಂಬ ತಲೆ ಹಾಕುತ್ತದಲ್ಲ, ಅಲ್ಲಿಗೆ ಮೀನು ಹಿಡಿಯುವ ಸಾಬಣ್ಣನ ದೋಣಿಯಲ್ಲಿ ಹೋದೆ. ಹತ್ತು ವರ್ಷದ ಹಿಂದೆ, ಅವನು ಕಾಣೆಯಾದ ಆ ಶ್ರಾವಣದಲ್ಲಿ, ದಂಡೆಯ ಮೇಲೆ ದುರಗೇಶನ ಚಪ್ಪಲಿ ಮತ್ತು ಬಾಟಲಿ ಪೆಟ್ಟಿಗೆ ಸಿಕ್ಕದ್ದು ಇದೇ ಸಾಬಣ್ಣನಿಗೆ. ಮಟಮಟ ಮಧ್ಯಾಹ್ನ. ಬಿಸಿಲಿಗೆ ನೀರು ಕಣ್ಣು ಕುಕ್ಕುತ್ತಿತ್ತು. ಈ ಕಡೆ ಒಂದೂ ಬಲೆ ಕಾಣುವುದಿಲ್ಲವಲ್ಲ ಎಂದು ಕೇಳಿದೆ. ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿದ. "ಇಲ್ಲೆ ಬೀಸಂಗಿಲ್ರೀ ಅಕ್ಕಾರ. ಬೀಸಿದ್ರ ಬಲಿ ಹರಿಯಂಗಿಲ್ಲ, ಸಿಗಿಬೀಳಂಗಿಲ್ಲ. ಮಡಚಿ ಬರ್ತೈತಿ." ಹೇಗೆ ಮಡಚಿ ಎಂದೆ. "ಒಗದ ಅರಬಿ ಮಡಚಿ ಇಡ್ತಾರಲ್ರೀ, ಹಂಗ." ಒಗೆದ ಬಟ್ಟೆ ಮಡಚಿಡದೆ ಊಟಕ್ಕೆ ಕೂರದವನು ಯಾರು ಎಂದು ನಿನಗೆ ನಾನು ಹೇಳಬೇಕಿಲ್ಲ.

ಸವಳು ಬಾವಿ ಇದ್ದ ಜಾಗದಲ್ಲಿ ಬಾಟಲಿ ಇಳಿಬಿಟ್ಟೆ. ತಳದ ನೀರು ತೆಗೆಯುವಾಗ ಬಾಟಲಿಗೆ ಕಲ್ಲು ಕಟ್ಟಿ, ಮುಚ್ಚಳಕ್ಕೆ ಬೇರೆ ದಾರ ಕಟ್ಟುತ್ತೇವೆ. ಕೆಳಗೆ ಮುಟ್ಟಿದ ಮೇಲೆ ದಾರ ಜಗ್ಗಿದರೆ ಮುಚ್ಚಳ ಕಿತ್ತು ಬಾಟಲಿ ತುಂಬುತ್ತದೆ. ಮೇಲೆ ಬರುವಾಗ ಬಾಯಿ ತೆರೆದೇ ಇರುತ್ತದೆ. ಜಗ್ಗಿದೆ, ಕಿತ್ತದ್ದು ಕೈಗೆ ಗೊತ್ತಾಯಿತು. ಗುಳ್ಳೆಗಳು ಬಂದವು, ನಿಂತವು. ಮೇಲೆತ್ತಿದರೆ ಬಾಟಲಿಯ ಬಾಯಿಗೆ ಮುಚ್ಚಳ ಬಿಗಿಯಾಗಿ ಹಾಕಿತ್ತು. ಒಳಗೆ ಸಾಸಿವೆಯಷ್ಟೂ ಗಾಳಿ ಇರಲಿಲ್ಲ. "ನೀರಾಗ ಮುಚ್ಚಬೇಕು, ಒಂದ ಗುಳ್ಳಿ ಉಳೀಬಾರ್ದು" ಎಂದು ಅವನು ವಿದ್ಯಾರ್ಥಿಗಳಿಗೆ ಬೈದು ಬೈದು ಕಲಿಸುತ್ತಿದ್ದ. ಸಾಬಣ್ಣ ಬಾಟಲಿ ನೋಡಿದ, ನನ್ನನ್ನು ನೋಡಿದ, ದೋಣಿ ತಿರುಗಿಸಿದ.

ಲ್ಯಾಬಿನಲ್ಲಿ ಅಳೆದೆ. ಅಪ್ಪಟ ಸವಳು. ಈ ವರ್ಷದ ಅವನ ಪ್ರಬಂಧದ ಅಂಕಿಗೆ ನನ್ನದು ಎರಡು ಹನಿ ಕಡಿಮೆ.

ಅವನು ಬದುಕಿಲ್ಲ ಮನೀಷಾ. ನಾನು ವಿಜ್ಞಾನ ಕಲಿಸುವವಳು, ನಾಳೆ ಯಾರಾದರೂ ಕೇಳಿದರೆ ಇದೆಲ್ಲ ಸುಳ್ಳು ಅನ್ನುತ್ತೇನೆ. ನಿನಗೆ ಮಾತ್ರ ಖರೆ ಹೇಳುತ್ತೇನೆ. ಅವನು ಹೋಗಿದ್ದಾನೆ, ಆದರೆ ಕೆಲಸ ಬಿಟ್ಟಿಲ್ಲ.

ಹಾಗಾದರೆ ನಿನಗೇಕೆ ಹೇಳಿದೆ? ಬದುಕಿರಬಹುದು ಎಂಬ ಒಂದು ಎಳೆ ನಿನ್ನ ಮನಸ್ಸಿನಲ್ಲಿ ಇನ್ನೂ ಇದೆ, ನನಗೆ ಗೊತ್ತು. ಕೋರ್ಟು ಕಾಗದ ಕೊಟ್ಟ ದಿನ ನೀನೇ ಅಂದಿದ್ದೆ, "ಕಾಗದ ಬಂತಂದ್ರ ಮನಶ್ಯಾ ಸತ್ತಂಗೇನಬೇ?" ನಾಳೆ ಯಾರಾದರೂ ಈ ಪ್ರಬಂಧಗಳನ್ನು ನಿನಗೆ ತೋರಿಸಿದರೆ ನೀನು ಸೆರಗು ಬಿಗಿದುಕೊಂಡು ಅನಗವಾಡಿಗೆ ಓಡುತ್ತೀ. ಹೋಗಬೇಡ. ನನ್ನ ಆಣೆ. ಮುತ್ತಪ್ಪನವರು ಒಳ್ಳೆಯವರು, ಅವರ ಹೆಸರಿಗೆ ಒಂದು ಹೊಸ ಒಡಪು ಕಲಿತುಕೊ. ದುರಗೇಶನಿಗೆ ನಿನ್ನ ಉಡಿಕೆಯ ಸುದ್ದಿ ಗೊತ್ತಿಲ್ಲ, ಅವನಿಗೆ ಅಚ್ಚಾದದ್ದಷ್ಟೇ ಸಿಗುತ್ತದೆ ಎಂದು ನನ್ನ ಊಹೆ. ಅದಕ್ಕೇ ಕೈಯಲ್ಲಿ ಬರೆಯುತ್ತಿದ್ದೇನೆ. ಮದುವೆ ಕಾರ್ಡನ್ನೂ ಅಚ್ಚು ಹಾಕಿಸಬೇಡಿ, ಬಾಯಿಂದಲೇ ಕರೆಯಿರಿ.

ಅವನ ಏಳನ್ನೂ ನನ್ನ ಫಾರ್ಮಿನಿಂದ ಹೊಡೆದು ಹಾಕಿದ್ದೇನೆ. ಈಗ ನನ್ನದು ಸೊನ್ನೆ. ಪ್ರಮೋಶನ್ ಹಾಳಾಗಿ ಹೋಗಲಿ. ಹೊಡೆಯುವಾಗ ನನಗೆ ಅಳು ಬಂತು, ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಇಷ್ಟು ದೊಡ್ಡ ಲೋಕದಲ್ಲಿ ನನ್ನ ಹೆಸರು ಹೇಳಿದವನು ಅವನೊಬ್ಬನೇ. ಏಳು ಸಲ ಹೇಳಿದ್ದ. ನಿನಗಾಗಿ ಅವನ ಚೀಟಿ ಹೊತ್ತ ದಿನಗಳಲ್ಲಿ ಒಂದು ಸಲವಾದರೂ ಹೇಳಿದ್ದರೆ... ಇರಲಿ, ಅದು ಮುಗಿದ ಮಾತು.

ಇದನ್ನು ಓದಿ ಒಲೆಗೆ ಹಾಕು. ಇಪ್ಪತ್ತೇಳಕ್ಕೆ ಬರುತ್ತೇನೆ, ದ್ರಾಕ್ಷಿ ಬಣ್ಣದ ಸೀರೆ ಉಡಬೇಡ.

ನಿನ್ನ ಪೋಸ್ಟವ್ವ,
ರಾಜೇಶ್ವರಿ

ತಾ.ಕ.: ಸೋಮವಾರ ಬೆಳಿಗ್ಗೆ. ಶೀತಲ ಬರುವುದರೊಳಗೆ ಫಾರ್ಮು ಕೊಟ್ಟು ಬರೋಣವೆಂದು ಆಫೀಸಿಗೆ ಹೋಗಿದ್ದೆ. ಗಿರಿಮಲ್ಲಪ್ಪ ನಗುತ್ತ ಬಂದ. "ಮೇಡಮ್ಮಾರ, ಯಾಕ ಹೊಡದ್ರೀ? ರಾತ್ರ್ಯಾಗ ಇನ್ನೊಂದು ಏರೇತಿ, ಎಂಟ ಆತು." ಅಚ್ಚು ತೆಗೆದು ಕೈಗೆ ಕೊಟ್ಟ. ಈ ಸಲ ಅನಗವಾಡಿಯ ಬಾವಿ ಅಲ್ಲ. ಬನಹಟ್ಟಿ, ಮನೆಯ ಹಿತ್ತಲ ಬಾವಿ, ಸಿಹಿ ನೀರು ಎಂದಿದೆ. ನೀರು ತೆಗೆದ ತಾರೀಖು ಇನ್ನೂ ಬಂದೇ ಇಲ್ಲದ ಇಪ್ಪತ್ತೇಳು ಮೇ. ಕೊನೆಗೆ ಆಧಾರಗಳ ಪಟ್ಟಿಯಲ್ಲಿ ನಮ್ಮ ಹಳೆಯ ಪ್ರಬಂಧ, ಅದರ ಕೆಳಗೆ ಇನ್ನೊಂದು: "ರಾಜೇಶ್ವರಿ, ಮನೀಷಾಳಿಗೆ ಬರೆದ ಖಾಸಗಿ ಪತ್ರ, ಜಮಖಂಡಿ, 19 ಮೇ 2013." ಈ ಪತ್ರ ರಾತ್ರಿಯಿಡೀ ನನ್ನ ದಿಂಬಿನ ಕೆಳಗಿತ್ತು. ಅವನಿಗೆ ನಾನೇ ಹೇಳಿಬಿಟ್ಟೆ ಮನೀಷಾ, ಮನೆ ಯಾವುದು ಎಂಬುದನ್ನೂ. ಹರಿದು ಹಾಕಿ ಇನ್ನು ಪ್ರಯೋಜನವಿಲ್ಲ, ಶೀತಲ ಬಾಗಿಲಲ್ಲಿ ನಿಂತಿದ್ದಾಳೆ, ಕೊಡುತ್ತಿದ್ದೇನೆ. ಅರಿಷಿಣಕ್ಕೆ ಆ ಬಾವಿಯ ನೀರು ಬೇಡ, ನಳದ ನೀರು ತರಿಸಿರಿ. ತಾಯವ್ವನನ್ನು ಬಾವಿಯ ಹತ್ತಿರ ಬಿಡಬೇಡ, ಕೆಳಗಿನಿಂದ ಯಾರಾದರೂ ಅವ್ವಾ ಎಂದರೆ ಅವರು ಓ ಅಂದುಬಿಡುತ್ತಾರೆ.